ಮೂರು ಕಡೆ ಸಹಿ

ಫೆಬ್ರವರಿ 11

ಗೀಚೂ,

ಇದು ಮೂರನೆಯ ಸಲ. ಮೊದಲು ಕಳಿಸಿದ ಕಾಗದಗಳು ಕೈ ಸೇರಲಿಲ್ಲ ಎಂದು ನೀನು ಬರೆದೆ. ಎರಡನೆಯ ಸಲದವು ಸೇರಿದವು, ಆದರೆ ಅವುಗಳ ಬೆನ್ನಿಗೆ ಚಿಕ್ಕಮ್ಮನ ಮಾತ್ರೆಗಳ ಪಟ್ಟಿ ಬರೆದುಕೊಂಡೆ ಎಂದೆ. ಹಾಗಾಗಿ ಈ ಸಲ ರಿಜಿಸ್ಟರ್ ಅಂಚೆ. ಮಾತ್ರೆಗಳ ಪಟ್ಟಿಗೆಂದೇ ನಾಲ್ಕು ಖಾಲಿ ಹಾಳೆಗಳನ್ನೂ ಇಟ್ಟಿದ್ದೇನೆ.

ವಿಷಯವೇನೆಂದು ಗೊತ್ತಾಗಲಿಲ್ಲ ಎಂದು ನೀನು ಇನ್ನೊಮ್ಮೆ ಹೇಳಬಾರದು, ಎಲ್ಲವನ್ನೂ ಮೊದಲಿನಿಂದ ಬರೆಯಿರಿ ಎಂದು ವಕೀಲರು ಹೇಳಿದ್ದಾರೆ. ಬರೆಯುತ್ತೇನೆ. ಇಪ್ಪತ್ತೆರಡು ವರ್ಷಗಳ ಹಿಂದೆ ನಾನೂ ನೀನೂ ಸೇರಿ ಒಂದು ಜಾಹೀರಾತು ಸಂಸ್ಥೆ ಕಟ್ಟಿದೆವು. ಮಾತು ನನ್ನದು, ಚಿತ್ರ ನಿನ್ನದು. ಮೂರು ವರ್ಷಗಳ ಹಿಂದೆ ಒಂದು ಶುಕ್ರವಾರ ಮಧ್ಯಾಹ್ನ ನೀನು ಎದ್ದು ಹೋದೆ. ಪಾಲುದಾರಳಾಗಿಯೇ ಹೋದೆ, ರಾಜೀನಾಮೆ ಕೊಡುವಷ್ಟೂ ನಿಲ್ಲಲಿಲ್ಲ. ಆಗ ಮೂರು ಮಹಡಿ, ನಲವತ್ತು ಜನ ಇದ್ದೆವು. ಈಗ ಒಂದು ಮಹಡಿ, ಐದು ಜನ. ಒಂದು ದೊಡ್ಡ ಕಂಪನಿ ನಮ್ಮನ್ನು ಕೊಳ್ಳಲು ಮುಂದೆ ಬಂದಿದೆ. ಕೊಂಡರೆ ಆ ಐವರ ಕೆಲಸ ಉಳಿಯುತ್ತದೆ. ಮೇ 31 ಕಡೆಯ ದಿನ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿರುವ ಮೂರು ಕಡೆ ನಿನ್ನ ಸಹಿ ಬೇಕು. ಮೂರೇ ಮೂರು.

ಫೋನ್ ಎತ್ತುವುದನ್ನು ನೀನು ಬಿಟ್ಟಿದ್ದೀಯ. ಇಲ್ಲದಿದ್ದರೆ ಇದನ್ನೆಲ್ಲ ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದೆ.

ಟೀಚರಮ್ಮ
(ಪೂರ್ತಿ ಹೆಸರು ಬರೆಯಿರಿ ಎಂದೂ ವಕೀಲರು ಹೇಳಿದರು. ನೀನು ಇಟ್ಟ ಹೆಸರೇ ಸಾಕು.)


ಮಾರ್ಚ್ 2

ಟೀಚರಮ್ಮನವರಿಗೆ,

ಖಾಲಿ ಹಾಳೆಗಳು ಒಳ್ಳೆಯ ಕಾಗದ, ಉಪಯೋಗಕ್ಕೆ ಬಂದವು. ಮಿಕ್ಕವನ್ನು ಸಹಿ ಹಾಕದೆ ವಾಪಸು ಕಳಿಸಿದ್ದೇನೆ.

ಈ ಹೊಸ ಲೆಟರ್‌ಹೆಡ್ ಯಾರು ಮಾಡಿದ್ದು? ಮೂಲೆಯಲ್ಲಿರುವ ನೇರಳೆ ಗುಂಡು ಬದನೆಕಾಯಿಯೋ, ಗ್ರಹವೋ? ಚಿಕ್ಕಮ್ಮನಿಗೆ ತೋರಿಸಿದೆ. "ಯಾರಿಗೋ ಪೆಟ್ಟು ಬಿದ್ದಿದೆ ಕಣೆ, ಪಾಪ" ಅಂದಳು.

ಚಿಕ್ಕಮ್ಮನ ಮಂಡಿಗೆಂದು ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಓಡಾಡುತ್ತಿದ್ದೇನೆ. ನಾಲ್ಕು ಹಳೆಯ ಕಟ್ಟಡಗಳನ್ನು ಬೇರೆ ಬೇರೆ ಕಾಲದಲ್ಲಿ ಒಂದಕ್ಕೊಂದು ಅಂಟಿಸಿ ಮಾಡಿದ ಆಸ್ಪತ್ರೆ. ಒಂದರ ನೆಲಮಹಡಿಯಿಂದ ನೇರ ನಡೆದರೆ ಇನ್ನೊಂದರ ಎರಡನೆಯ ಮಹಡಿಗೆ ಹೋಗುತ್ತೇವೆ. ಹದಿನಾಲ್ಕನೆಯ ಕೋಣೆಯ ಪಕ್ಕದಲ್ಲಿ ನಲವತ್ತೊಂದು. ಮೊದಲ ದಿನ ಗಾಲಿಕುರ್ಚಿ ತಳ್ಳಿಕೊಂಡು ಎಕ್ಸ್‌ರೇ ಕೋಣೆ ಹುಡುಕುತ್ತಾ ಒಬ್ಬರೇ ಮುದುಕರನ್ನು ಮೂರು ಸಲ ದಾಟಿದೆ. ಮೂರನೆಯ ಸಲ ಅವರು, "ನಿಮಗೂ ಸಿಗಲಿಲ್ವಾ? ನಾನು ಬೆಳಿಗ್ಗೆಯಿಂದ ಹುಡುಕ್ತಿದ್ದೀನಿ, ನನ್ನದು ಕಣ್ಣು" ಅಂದರು. ಮಾರನೆಯ ದಿನ ಮನೆಯಲ್ಲಿದ್ದ ಹಳದಿ ಬಣ್ಣದ ಡಬ್ಬಿ ತೆಗೆದುಕೊಂಡು ಹೋದೆ. ಅಲ್ಲಿನ ದೊಡ್ಡ ಡಾಕ್ಟರಮ್ಮ ಬೈಯಲಿಲ್ಲ. "ಗೋಡೆ ಹಾಳಾಗೋಕೆ ಇನ್ನೇನೂ ಉಳಿದಿಲ್ಲ, ಬರೀರಿ" ಅಂದರು. ಈಗ ಗೋಡೆಯುದ್ದಕ್ಕೂ ಮೂಳೆ ವಿಭಾಗದ ದಾರಿಗೆ ಹಳದಿ ಪಟ್ಟಿ, ಕಣ್ಣಿನ ವಿಭಾಗಕ್ಕೆ ನೀಲಿ.

ಸಹಿಯ ವಿಚಾರ. ನಾನು ಯಾಕೆ ಹೋದೆ ಎಂದು ನೀನು ಮೂರು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಕೇಳದವರಿಗೆ ಸಹಿ ಇಲ್ಲ.

ಗೀಚು


ಮಾರ್ಚ್ 9

ಗೀಚೂ,

ಕೇಳಲಿಲ್ಲವಂತೆ! ನೀನು ಬಿಟ್ಟು ಹೋದ ಆ ವಾರ ನಾನು ಎಷ್ಟು ಸಲ ಫೋನ್ ಮಾಡಿದೆ ಎಂಬುದು ನಿನಗೆ ಗೊತ್ತು. ಮನೆಗೆ ಬಂದೆ. ಬೀಗ ಹಾಕಿತ್ತು. ಪಕ್ಕದ ಮನೆಯಾಕೆ, "ಚಿಕ್ಕಮ್ಮನ ಊರಿಗೆ ಹೋದರು, ಕುಂಡದಲ್ಲಿರೋ ಗಿಡ ಮಾತ್ರ ನನಗೆ ಕೊಟ್ಟು ಹೋದರು" ಎಂದಳು. ಗಿಡಕ್ಕೆ ಸಿಕ್ಕ ಮರ್ಯಾದೆ ನನಗೆ ಸಿಗಲಿಲ್ಲ.

ಟೈರ್ ಅಂಗಡಿಯ ಮೇಲಿನ ಆ ಎರಡು ಕೋಣೆಗಳನ್ನಾದರೂ ನೆನೆಸಿಕೋ. ರಬ್ಬರ್ ವಾಸನೆಯಲ್ಲಿ ಊಟ, ರಬ್ಬರ್ ವಾಸನೆಯಲ್ಲಿ ಕೆಲಸ. ಏಳು ದಿನ ಬಳಸಿ ನೋಡದೆ ಯಾವ ವಸ್ತುವಿನ ಬಗ್ಗೆಯೂ ಒಂದು ಸಾಲು ಬರೆಯಬಾರದು, ಒಂದು ಗೆರೆ ಎಳೆಯಬಾರದು ಎಂಬ ನಿಯಮ ನಿನ್ನದೇ. ನಮ್ಮ ಮೊದಲ ಗಿರಾಕಿ ಬೀಗದ ಕಾರ್ಖಾನೆಯವನು. ಮೂರನೆಯ ದಿನವೇ ನೀನು ಒಳಗಿನಿಂದ ಬೀಗ ಜಡಿದು ಕೀಲಿಕೈಯನ್ನು ಕಿಟಕಿಯಿಂದ ಕೆಳಗೆ ಬೀಳಿಸಿದೆ. ಅದು ಹೋಗುತ್ತಿದ್ದ ಲಾರಿಯೊಳಗೆ ಬಿದ್ದು ಲಾರಿಯ ಜೊತೆ ಹೊರಟುಹೋಯಿತು. ಟೈರ್ ಅಂಗಡಿಯವನು ಅರ್ಧ ದಿನ ಬಡಿದು ಕಡೆಗೆ ಬಾಗಿಲನ್ನೇ ಒಡೆದ. ಸೀಳಿದ ಬಾಗಿಲಿನಲ್ಲಿ ಹಾಗೇ ತೂಗುತ್ತಿದ್ದ ಬೀಗದ ಚಿತ್ರವನ್ನು ನೀನು ಅಲ್ಲೇ ಕೂತು ಬರೆದೆ. ನಾನು ಕೆಳಗೆ ಬರೆದೆ: "ಬಾಗಿಲು ಹೋಯಿತು. ಬೀಗ ಇದೆ." ಆ ಒಂದು ಜಾಹೀರಾತು ನಮ್ಮನ್ನು ಮೂರು ಮಹಡಿ ಏರಿಸಿತು. ಆಮೇಲೆ ನೀನು ಬಿರುಬೇಸಿಗೆಯಲ್ಲಿ ಏಳು ದಿನ ಮಳೆಕೋಟು ಹಾಕಿಕೊಂಡು ತಿರುಗಿದ್ದು, ಬ್ಯಾಂಕಿನ ಕಾವಲುಗಾರ ನಿನ್ನನ್ನು ಒಳಗೆ ಬಿಡದೆ ಇದ್ದದ್ದು. ಯಾವುದನ್ನು ಹೇಳಲಿ?

ಕೊನೆಯದು ಆ ಕಿವಿಯಂತ್ರ. ಕಿವಿ ಮಂದವಾದವರಿಗೆ ಕೇಳಿಸುವ ಯಂತ್ರ, ದೊಡ್ಡ ಗಿರಾಕಿ, ಅಷ್ಟು ದೊಡ್ಡವರು ನಮಗೆ ಅದುವರೆಗೆ ಸಿಕ್ಕಿರಲಿಲ್ಲ. ವಾರ ಪೂರ್ತಿ ಅದನ್ನು ಹಾಕಿಕೊಳ್ಳುವ ಸರದಿ ನಿನ್ನದಾಗಿತ್ತು. ಗುರುವಾರ ಹಿನ್ನೆಲೆಯ ಬಣ್ಣದ ಬಗ್ಗೆ ಇಬ್ಬರೂ ಕಿರುಚಾಡಿದೆವು. ಶುಕ್ರವಾರ ಊಟ ಮುಗಿಸಿ ಬಂದಾಗ ನಿನ್ನ ಮೇಜಿನ ಮೇಲೆ ಯಂತ್ರ ಇತ್ತು, ನೀನಿರಲಿಲ್ಲ. ನೀನಿಲ್ಲದೆ ಆ ಕೆಲಸ ಹಳ್ಳ ಹಿಡಿಯಿತು. ಆ ಗಿರಾಕಿ ಹೋದ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಒಂದು ಬಣ್ಣಕ್ಕಾಗಿ ಇಷ್ಟೆಲ್ಲವೇ?

ಸರಿ, ಕೇಳುತ್ತಿದ್ದೇನೆ. ಯಾಕೆ ಹೋದೆ? ಆಯಿತೇ? ಸಹಿ ಹಾಕು.

ಟೀಚರಮ್ಮ


ಮಾರ್ಚ್ 20

ಟೀಚರಮ್ಮ,

ಬಣ್ಣಕ್ಕಾಗಿ ಹೋಗಿದ್ದರೆ ಮೊದಲ ವರ್ಷವೇ ಹೋಗಬೇಕಿತ್ತು.

ಶುಕ್ರವಾರ ನನಗೆ ಆರನೆಯ ದಿನ. ನನ್ನ ಕಿವಿ ಸರಿಯಾಗಿಯೇ ಇದ್ದದ್ದರಿಂದ ಆ ಯಂತ್ರ ಹಾಕಿಕೊಂಡರೆ ಪ್ರಪಂಚವೆಲ್ಲ ತಲೆಯೊಳಗೇ ನಡೆದ ಹಾಗೆ ಇರುತ್ತಿತ್ತು. ಯಾರೋ ಕಾಗದ ಮಡಚಿದರೂ ಕೇಳಿಸುತ್ತಿತ್ತು. ನೀನು ಪ್ಲೈವುಡ್ ಗೋಡೆಯ ಆಚೆ ಆ ಗಿರಾಕಿಯ ಜೊತೆ ಫೋನಿನಲ್ಲಿದ್ದೆ. "ಅವಳ ಕೈ ಈಗ ಮೊದಲಿನ ಹಾಗಿಲ್ಲ ಸಾರ್. ನಿಮ್ಮ ಚಿಂತೆ ನನಗೆ ಅರ್ಥ ಆಗುತ್ತೆ. ಚಿತ್ರ ಬೇರೆಯವರ ಕೈಲಿ ಮಾಡಿಸ್ತೀನಿ, ಕೆಳಗೆ ಅವಳ ಹೆಸರು ಹಾಕಿದರಾಯ್ತು. ಅವಳಿಗೆ ಅಷ್ಟು ಸಾಕು" ಎಂದೆ. ಅವನೇನೋ ಅಂದಿರಬೇಕು. ನೀನು ನಕ್ಕೆ.

ಯಂತ್ರ ಚೆನ್ನಾಗಿದೆ. ನಿನಗೆ ಅದರ ಸಾಲು ಹೊಳೆಯುತ್ತಿಲ್ಲ ಎಂದು ಒದ್ದಾಡುತ್ತಿದ್ದೆಯಲ್ಲ, ಇದನ್ನು ಹಾಕಬಹುದಿತ್ತು: "ಪಕ್ಕದ ಕೋಣೆಯದೂ ಕೇಳಿಸುತ್ತದೆ."

ಗೀಚು


ಏಪ್ರಿಲ್ 27

ಗೀಚು,

ನಾಲ್ಕು ಪತ್ರ ಬರೆದು ಹರಿದೆ. ಮೊದಲನೆಯದರಲ್ಲಿ ನನಗೆ ನೆನಪಿಲ್ಲ ಎಂದಿದ್ದೆ. ಅದು ಸುಳ್ಳು. ಎರಡನೆಯದರಲ್ಲಿ ನಲವತ್ತು ಜನರ ಹೊಟ್ಟೆಪಾಡಿನ ಮಾತಾಡಿದ್ದೆ. ಮೂರನೆಯದು ಬಹಳ ಚೆನ್ನಾಗಿ ಬಂದಿತ್ತು, ಓದಿದರೆ ಯಾರಿಗಾದರೂ ಕಣ್ಣಲ್ಲಿ ನೀರು ಬರಬೇಕು. ಅದಕ್ಕೇ ಹರಿದೆ. ನಾಲ್ಕನೆಯದು ನಿನ್ನನ್ನೇ ಬೈಯುತ್ತಿತ್ತು. ಗೋಡೆಯ ಆಚೆಯಿಂದ ಒಂದು ಚಪ್ಪಲಿ ಎಸೆದಿದ್ದರೆ ಅವತ್ತೇ ಮುಗಿಯುತ್ತಿತ್ತಲ್ಲ, ಮೂರು ವರ್ಷ ಬಾಯಿ ಹೊಲಿದುಕೊಂಡು ಕೂರುವುದು ಯಾವ ನ್ಯಾಯ ಎಂದು. ಅದರಲ್ಲಿ ಅರ್ಧ ನಿಜವಿದೆ, ಆದರೂ ಹರಿದೆ.

ಹೇಳಿದೆ. ನಕ್ಕೆ. ಅವನು ದೊಡ್ಡ ಗಿರಾಕಿ ಎಂದು ನಕ್ಕೆ. ಬೇರೆ ಕಾರಣ ಹುಡುಕಿದೆ, ಇಲ್ಲ.

ಮಗಳು ಕಸದ ಬುಟ್ಟಿಯನ್ನು ನೋಡಿ, "ಅಮ್ಮಾ, ನೀನು ಗೀಚು ಆಂಟಿಗೆ ಪತ್ರ ಬರೀತಿದ್ದೀಯೋ, ಪರೀಕ್ಷೆ ಬರೀತಿದ್ದೀಯೋ?" ಎಂದು ಕೇಳಿದಳು. ಪರೀಕ್ಷೆಯೇ ಎಂದೆ.

ಸಹಿ ಹಾಕು ಎಂದು ಇನ್ನು ಕೇಳುವುದಿಲ್ಲ. ಕಾಗದಗಳನ್ನು ಮಾತ್ರ ಇಡುತ್ತಿದ್ದೇನೆ, ಐದು ಜನರ ಮುಖ ದಿನಾ ನೋಡಬೇಕಾದವಳು ನಾನು.

ಟೀಚರಮ್ಮ


ಮೇ 6

ಟೀಚರಮ್ಮ,

ಮೂರು ಕಡೆಯೂ ಹಾಕಿದ್ದೇನೆ, ಎಣಿಸಿಕೋ.

ಕೈ ನಡುಗುತ್ತದೆ. ನಾಲ್ಕು ವರ್ಷವಾಯಿತು. ಬಿಸಿನೀರಿನ ಲೋಟ ಹಿಡಿಯುವಾಗ ನೀನು ನೋಡಿದ್ದೆ, ನೋಡಿದೆ ಎಂದು ನನಗೂ ಗೊತ್ತಿತ್ತು. ಫೋನಿನಲ್ಲಿ ನೀನು ಹೇಳಿದ್ದು ಸುಳ್ಳಲ್ಲ. ನನಗೆ ಹೇಳದೆ ಅವನಿಗೆ ಹೇಳಿದೆ, ಅಷ್ಟೆ.

ಈಗ ಮಣಿಕಟ್ಟಿನ ಕೆಳಗೆ ಒಂದು ಕೋಲು ಆನಿಸಿಕೊಂಡು ಗೋಡೆಗೆ ಬರೆಯುತ್ತೇನೆ. ಪಟ್ಟಿಗಳು ತೊರೆಯ ಅಂಚಿನ ಹಾಗೆ ಬರುತ್ತವೆ. ರೋಗಿಗಳು ಆಕ್ಷೇಪಣೆ ಎತ್ತಿಲ್ಲ.

ಆದರೆ ಮಾತು ನನ್ನ ಕೈಲಾಗದು. ಮುಖ್ಯ ಬಾಗಿಲಲ್ಲೇ ಒಂದು ಬೋರ್ಡಿದೆ: "ಹೊರರೋಗಿಗಳ ನೋಂದಣಿ ಹಾಗೂ ಪ್ರಾಥಮಿಕ ಪರಿಶೀಲನಾ ವಿಭಾಗ." ಜನ ಅದನ್ನು ಓದಿ, ಇದು ಬೇರೆ ಯಾರಿಗೋ ಎಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಆಮೇಲೆ ಮೂರನೆಯ ಮಹಡಿಯಿಂದ ಚೀಟಿಗೆಂದು ಮತ್ತೆ ಕೆಳಗೆ ಇಳಿಯುತ್ತಾರೆ, ಒಬ್ಬರ ಹೆಗಲಿಗೆ ಒಬ್ಬರು ಆತುಕೊಂಡು. ಏನು ಬರೆಯಬೇಕು?

ಗೀಚು


ಮೇ 14

ಗೀಚೂ,

"ಮೊದಲು ಇಲ್ಲಿಗೆ ಬನ್ನಿ" ಎಂದು ಬರೆ. ಇಷ್ಟಕ್ಕೆ ಆರು ಪದದ ಬೋರ್ಡ್ ಯಾಕೆ ಹಾಕಿದರಂತೆ?

ಈಗ ಕೇಳು, ತಲೆ ಚಚ್ಚಿಕೊಳ್ಳುವ ವಿಷಯ. ವಕೀಲರು ನಿನ್ನ ಮೂರು ಸಹಿಗಳನ್ನೂ ಹಳೆಯ ಪಾಲುದಾರಿಕೆ ಪತ್ರದಲ್ಲಿನ ಸಹಿಯ ಪಕ್ಕದಲ್ಲಿಟ್ಟು ಕನ್ನಡಕ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. "ಮೇಡಂ, ಇದು ಅದಕ್ಕೆ ಹೊಂದಲ್ಲ. ಈ ಮೂರೂ ಒಂದಕ್ಕೊಂದೇ ಹೊಂದಲ್ಲ" ಎಂದರು. ಅವಳದೇ ಸಹಿ, ಕೈ ನಡುಗುತ್ತದೆ ಎಂದು ಹೇಳಲು ಬಾಯಿ ತೆಗೆದವಳು ಹೇಳಲಾರದೆ ಕೂತೆ. ನಿನ್ನನ್ನು ಕೇಳದೆ ಆ ಮಾತನ್ನು ಇನ್ನೊಬ್ಬರಿಗೆ ಹೇಳುವುದು ಹೇಗೆ? ನೀನು ಖುದ್ದಾಗಿ ಬಂದು ಅವರೆದುರು ಸಹಿ ಹಾಕಬೇಕಂತೆ.

ಚಿಕ್ಕಮ್ಮನನ್ನು ಬಿಟ್ಟು ಬರಲಾಗುವುದಿಲ್ಲ ಎನ್ನುತ್ತೀಯ, ಗೊತ್ತು. ನಾನೇ ಬರುತ್ತೇನೆ, ಕಾರಿನಲ್ಲಿ ಇಬ್ಬರನ್ನೂ ಕರೆದುಕೊಂಡು ಹೋಗಿ ವಾಪಸು ಬಿಡುತ್ತೇನೆ. ಇಪ್ಪತ್ತೊಂಬತ್ತನೆಯ ತಾರೀಖು ಬೆಳಿಗ್ಗೆ ಸೀದಾ ಆಸ್ಪತ್ರೆಗೇ ಬರುತ್ತೇನೆ. ಎಲ್ಲಾದರೂ ಒಂದೇ ಕಡೆ ನಿಂತಿರು.

ಟೀಚರಮ್ಮ


ಜೂನ್ 3

ಗೀಚು,

ಅವತ್ತು ನಿನಗೆ ಹೇಳಲಿಲ್ಲ, ನಾನು ಬಂದದ್ದು ಒಂಬತ್ತಕ್ಕೆ. ನೀನು ಸಿಕ್ಕಿದ್ದು ಹತ್ತೂವರೆಗೆ. ಐದು ಜನರನ್ನು ಕೇಳಿದೆ, ಐದು ದಿಕ್ಕು ತೋರಿಸಿದರು. ಒಂದು ಕಡೆ ಇಳಿದೆ, ಇಳಿಯುತ್ತಾ ಹೋದೆ, ಕೊನೆಗೆ ಒಂದು ತಣ್ಣನೆಯ ಓಣಿ, ಒಂದೇ ಬಾಗಿಲು. ಅಲ್ಲಿ ಕೂತಿದ್ದಾತ ಎದ್ದು ನಿಂತು ಬಹಳ ಮರ್ಯಾದೆಯಿಂದ, "ಇದು ಶವಾಗಾರ ಅಮ್ಮ. ನೀವು ಇಷ್ಟು ಬೇಗ ಬರಬೇಡಿ" ಎಂದ. ಅಲ್ಲೇ ಮೆಟ್ಟಿಲ ಮೇಲೆ ಕೂತು, ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

ಆಮೇಲೆ ಹಳದಿ ಪಟ್ಟಿ ಕಂಡಿತು. ಸೊಂಟದ ಎತ್ತರದಲ್ಲಿ, ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿಗೆ ಸರಿಯಾಗಿ. ಗೋಡೆಗೆ ಕೈ ತಾಗಿಸಿಕೊಂಡೇ ನಡೆದೆ. ಪಟ್ಟಿ ಮುಗಿದ ಕಡೆ ನಿನ್ನ ಬೆನ್ನು ಇತ್ತು. "ಡಬ್ಬಿ ಹಿಡ್ಕೋ, ತುಳುಕುತ್ತೆ" ಎಂದೆ ನೀನು, ಮುಖ ಕೂಡ ತಿರುಗಿಸದೆ. ಹಿಡಿದುಕೊಂಡೆ. ಸಂಜೆಯವರೆಗೆ ಹಿಡಿದುಕೊಂಡಿದ್ದೆ.

ಕಾಗದಗಳು ಚೀಲದಲ್ಲೇ ಇದ್ದವು. ಮಾರುವ ಮನಸ್ಸು ಅಷ್ಟರಲ್ಲಿ ಹೋಗಿತ್ತು, ನಾನು ತೆಗೆಯಲಿಲ್ಲ, ನೀನೂ ಕೇಳಲಿಲ್ಲ. ಮೂವತ್ತೊಂದು ದಾಟಿತು. ದೊಡ್ಡ ಕಂಪನಿಯವರು ಎರಡು ಸಾಲಿನ ಪತ್ರ ಬರೆದು ಕೈ ತೊಳೆದುಕೊಂಡರು. ಐವರನ್ನೂ ಕೂರಿಸಿಕೊಂಡು ಹೇಳಿದೆ. ನಮ್ಮ ಹಿರಿಯ ಗುಮಾಸ್ತೆ, "ಹಾಗಾದರೆ ಮುಂದೇನು ಮೇಡಂ?" ಎಂದಾಗ ಬಾಯಿಗೆ ಬಂದದ್ದು ಆಸ್ಪತ್ರೆಯ ವಿಷಯ. ಬೋರ್ಡುಗಳು, ಅರ್ಜಿಗಳು, ಔಷಧಿ ಡಬ್ಬಿಯೊಳಗಿನ ಚೀಟಿಗಳು. ಯಾರಿಗೂ ಅರ್ಥವಾಗದ ಹಾಗೆ ಬರೆದಿರುವುದೆಲ್ಲ. "ಅದನ್ನ ಯಾರು ಬರೆಸ್ತಾರೆ ಮೇಡಂ?" ಎಂದರು. ಗೊತ್ತಿಲ್ಲ ಎಂದೆ. ತಲೆ ಕೆಟ್ಟಿದೆಯೇ ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ.

ಸೋಮವಾರದಿಂದ ನಾವು ಆರೂ ಜನ ಏಳು ದಿನ ಅಲ್ಲಿಗೆ ಬರುತ್ತೇವೆ. ರೋಗಿಗಳಂತೆ ಸಾಲಿನಲ್ಲಿ ನಿಂತು ದಾರಿ ತಪ್ಪಬೇಕು. ಡಾಕ್ಟರಮ್ಮನಿಗೆ ಹೇಳಿಡು.

ಟೀಚರಮ್ಮ


ಜೂನ್ 24

ಟೀಚರಮ್ಮ,

ನೀವೆಲ್ಲ ಹೋದಮೇಲೆ ಡಾಕ್ಟರಮ್ಮ ಹೇಳಿದ್ದು: "ನಿಮ್ಮ ಕಡೆಯ ಆರು ಜನರಲ್ಲಿ ನಾಲ್ವರಿಗೆ ನಿಜವಾಗಿಯೂ ಬಿ.ಪಿ. ಇದೆ. ಮುಖ್ಯವಾಗಿ ಆ ಕನ್ನಡಕದವರಿಗೆ." ಮಾತ್ರೆ ತೆಗೆದುಕೋ.

ನೀನು ಬರೆದ ಮೂವತ್ತು ಬೋರ್ಡುಗಳಲ್ಲಿ ಇಪ್ಪತ್ತೆಂಟು ಚೆನ್ನಾಗಿವೆ. "ಇಲ್ಲಿ ಕಾಯಬೇಕು. ಹೆಸರು ಕೂಗುತ್ತಾರೆ. ಟಾಯ್ಲೆಟ್‌ಗೆ ಹೋಗಿ ಬಂದರೂ ಸರದಿ ತಪ್ಪುವುದಿಲ್ಲ" ಎಂಬುದನ್ನು ಹಾಕಿದ ದಿನ ಒಬ್ಬ ಅಜ್ಜಿ ಅದನ್ನು ಮೊಮ್ಮಗಳ ಕೈಲಿ ಎರಡು ಸಲ ಓದಿಸಿ, ಎದ್ದು ಹೋಗಿ ಬಂದರು. ಉಳಿದೆರಡರಲ್ಲಿ ಕವಿತೆ ಬರೆದಿದ್ದೀಯ. ಅಳಿಸಿದ್ದೇನೆ.

ಆಸ್ಪತ್ರೆಯ ಆಡಳಿತಾಧಿಕಾರಿ ಬಂದು ನೋಡಿ ಹೋದರು. ಇವರಿಗೆ ಇನ್ನೂ ಎರಡು ಆಸ್ಪತ್ರೆಗಳಿವೆಯಂತೆ. ನಿನ್ನ ವಿಳಾಸ ಕೊಟ್ಟಿದ್ದೇನೆ.

ಗೀಚು


ಆಗಸ್ಟ್ 8

ಗೀಚು,

ಇವತ್ತು ಆಡಳಿತಾಧಿಕಾರಿಯ ಕೋಣೆಯಲ್ಲಿ ನಡೆದದ್ದನ್ನು ಇವತ್ತೇ ಬರೆಯಬೇಕು, ನಾಳೆಯಾದರೆ ಚೆಂದ ಮಾಡಿ ಬರೆದುಬಿಡುತ್ತೇನೆ.

ಮೂರು ಆಸ್ಪತ್ರೆಗಳ ಕೆಲಸವನ್ನೂ ನಮಗೇ ಕೊಡುವ ಮಾತಾಡಿದರು. ಇದು ಸಿಕ್ಕರೆ ನಮ್ಮ ಐವರ ಕೆಲಸ ಎರಡು ವರ್ಷ ಭದ್ರ. ಸಿಗದಿದ್ದರೆ ತಿಂಗಳ ಕೊನೆಗೆ ಬಾಗಿಲು ಹಾಕಬೇಕು. ಅವರು ನಿನ್ನ ಪಟ್ಟಿಗಳ ಫೋಟೋಗಳನ್ನು ಮೇಜಿನ ಮೇಲೆ ಹರಡಿ ಹೇಳಿದರು, "ಬರಹ ಬಹಳ ಚೆನ್ನಾಗಿದೆ ಮೇಡಂ. ಚಿತ್ರ ಮಾತ್ರ ಕಂಪ್ಯೂಟರಿನಲ್ಲಿ ನೇರ ಮಾಡಿಸೋಣ. ಅವರಿಗೆ ಬೇಜಾರಾಗದ ಹಾಗೆ ನೀವೇ ನೋಡ್ಕೊಳ್ಳಿ. ಅವರ ಕೈ ಸ್ವಲ್ಪ..."

ನಾನು ಸುಮ್ಮನಿದ್ದೆ, ಗೀಚು. ಅದನ್ನೂ ಹೇಳಿಬಿಡುತ್ತೇನೆ. ಫ್ಯಾನ್ ತಿರುಗುವುದನ್ನು ನೋಡುತ್ತಾ, ಐವರ ಹೆಸರನ್ನು ಒಂದೊಂದಾಗಿ ನೆನೆಯುತ್ತಾ ಕೂತಿದ್ದೆ. "ಆಗಲಿ ಸಾರ್" ಎಂಬುದು ನಾಲಗೆಯ ತುದಿಗೆ ಬಂದಿತ್ತು. ಎಷ್ಟು ಸುಲಭವಾಗಿ ಬಂದಿತ್ತೆಂದರೆ ನನಗೇ ಹೇಸಿಗೆಯಾಯಿತು.

ಆಮೇಲೆ ಹೇಳಿದೆ: "ಅವಳ ಕೈ ಬಗ್ಗೆ ಅವಳಿಲ್ಲದ ಕಡೆ ನಾನು ಮಾತಾಡಲ್ಲ ಸಾರ್. ಒಂದು ಸಲ ಆಡಿದ್ದೆ. ಅವಳನ್ನೇ ಕರೆಸಿ, ಅವಳ ಎದುರಿಗೇ ಕೇಳಿ. ಚಿತ್ರ ಬೇಡ ಅನ್ನೋದಾದರೆ ಬರಹವನ್ನೂ ಬಿಡಿ."

ಅವರಿಗೆ ಹಿಡಿಸಲಿಲ್ಲ. "ಯೋಚನೆ ಮಾಡಿ ಹೇಳ್ತೀವಿ" ಎಂದರು. ಆ ಮಾತಿನ ಅರ್ಥ ನಿನಗೂ ಗೊತ್ತು, ನನಗೂ ಗೊತ್ತು. ಹೊರಗೆ ಬಂದು ಐವರಿಗೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸರಿ ಮಾಡಿದೆನೋ ಇಲ್ಲವೋ, ನನಗೆ ಸಿಟ್ಟು ಬರುತ್ತಿದೆ. ಯಾರ ಮೇಲೆ ಎಂದು ಮಾತ್ರ ಕೇಳಬೇಡ.

ಟೀಚರಮ್ಮ


ಆಗಸ್ಟ್ 13

ಟೀಚರಮ್ಮ,

ನಿನ್ನೆ ಆ ಅಧಿಕಾರಿಯ ಕೋಣೆಗೆ ನಾನೇ ಹೋದೆ. ಕರೆಸಿಕೊಳ್ಳುವವರೆಗೆ ಕಾಯಲು ನನ್ನ ಹತ್ತಿರ ಅಷ್ಟು ಆಯಸ್ಸಿಲ್ಲ. ನನ್ನ ಕೈಯನ್ನು ಅವರ ಮೇಜಿನ ಮೇಲೆ ಚಾಚಿ ಇಟ್ಟೆ. ನಡುಗಿತು. "ಇದೇ ಕೈ ಸಾರ್, ಕೇಳಿ ಏನು ಕೇಳ್ಬೇಕು" ಅಂದೆ. ಅವರು ನೀರು ಕುಡಿದರು. ಅವರನ್ನು ಎಬ್ಬಿಸಿಕೊಂಡು ಓಣಿಗೆ ಹೋದೆ. ಕಳೆದ ತಿಂಗಳು ಅವರೇ ಯಾರಿಂದಲೋ ರಕ್ತಪರೀಕ್ಷೆಯ ಕಡೆಗೆ ನೇರವಾದ ಒಂದು ಕೆಂಪು ಗೆರೆ ಎಳೆಸಿದ್ದರು. ಅರ್ಧ ಗಂಟೆ ಇಬ್ಬರೂ ನಿಂತು ನೋಡಿದೆವು. ಜನ ಅದನ್ನು ದಾಟಿ ಹೋಗುತ್ತಲೇ ಇದ್ದರು. ಒಬ್ಬಾಕೆಯನ್ನು ಕೇಳಿದೆ. "ಅದು ವೈರು ಹೋಗೋ ಪೈಪು ಅಂದ್ಕೊಂಡೆ. ಇದಾದರೆ ಯಾರೋ ಕೈಯಲ್ಲಿ ಬರೆದದ್ದು, ನಮಗೇ ಅಂತ ಗೊತ್ತಾಗುತ್ತೆ" ಎಂದು ನನ್ನ ಹಳದಿಯನ್ನು ತೋರಿಸಿದಳು. ಅವಳಿಗೆ ನಾನೇನೂ ಹೇಳಿಕೊಟ್ಟಿರಲಿಲ್ಲ, ನಂಬುವುದಾದರೆ ನಂಬು.

ಎರಡು ಆಸ್ಪತ್ರೆ ಹೋಯಿತು, ಅಲ್ಲಿಗೆ ಕಂಪ್ಯೂಟರೇ ಅಂತೆ. ಇದು ಉಳಿಯಿತು, ನಾಲ್ಕೂ ಕಟ್ಟಡ. ಕೆಲಸ ಎರಡು ವರ್ಷ ಬಾರದು. ಒಂದು ವರ್ಷ ಬರುತ್ತದೆ. ಐವರಿಗೂ ಹೇಳು.

ನೀನು ಸುಮ್ಮನಿದ್ದದ್ದನ್ನು ಬರೆದೆಯಲ್ಲ, ಅದನ್ನು ಎರಡು ಸಲ ಓದಿದೆ. ಉಳಿದದ್ದನ್ನು ಒಂದು ಸಲ.

ಮೂರನೆಯ ಕಟ್ಟಡದಲ್ಲಿ ಮಕ್ಕಳ ವಿಭಾಗದ ಬಾಣ ನೀನು ಹೇಳಿದ ಕಡೆಗೇ ಬರೆದೆ. ಅದು ಸೀದಾ ಕಸದ ಕೋಣೆಗೆ ಹೋಗುತ್ತದೆ. ಎಡ ಬಲ ತಿಳಿಯದವರು ದಾರಿ ತೋರಿಸುವ ಸಂಸ್ಥೆ ನಡೆಸುತ್ತಾರೆ, ಏನು ಹೇಳಲಿ. ಸೋಮವಾರ ಬೆಳಿಗ್ಗೆ ಬಾ. ಬಾಣ ಮೇಲೆ ಇದೆ, ಏಣಿ ಅಲ್ಲಾಡುತ್ತದೆ, ನಾನೂ ಅಲ್ಲಾಡುತ್ತೇನೆ. ಕೆಳಗೆ ನಿಂತು ಹಿಡಿದುಕೊಳ್ಳಲು ಯಾರಾದರೂ ಬೇಕು.

ಗೀಚು